ಆರಿಸೋದು

ತುಳಜಾರಾಮ ತಂದ ಡಬ್ಬಿಯೊಳಗ
ಡ್ರೋನಿನ ಮೋಟಾರು ಮೂರಿದ್ದವು.
ದಪ್ಪನ ತಂತಿ, ಕೆಲವೇ ಸುತ್ತು.
‘ನಿಮಿಷಕ್ಕ ಹತ್ತು ಸಾವಿರ ತಿರುಗತಾವ, ಅಕ್ಕಾ,’ ಅಂದ,
ಮಗನ ಮಾರ್ಕು ಹೇಳೋರ ಹಂಗ.

ಮಶಾಕ ಉಸ್ತಾದ ಎದ್ದು ಬರಲಿಲ್ಲ.
ಬೋರಿನ ಪಂಪಿನ ಹೊಟ್ಟಿಯೊಳಗ ಕೈ ಇಟಕೊಂಡೇ ಕೇಳಿದರು:
‘ಕ್ಯಾಮೆರಾ ತಿರುಗಬೇಕೋ, ನಿಂದರಬೇಕೋ?’
‘ನಿಂದರಬೇಕು ಚಾಚಾ. ಹಿಡದಾಂವ ಓಡಿದರೂ
ಅದು ನಿಂದರಬೇಕು.’
‘ಹಂಗಾದರ ಓಡೋ ಮೋಟಾರು ಯಾಕ ತಂದಿ?’

ಕ್ಯಾಮೆರಾ ಹೈದರಾಬಾದಿನಿಂದ ಬರೋದಿತ್ತು,
ಬಂದ ದಿನದಿಂದ ಬಾಡಿಗಿ.
ಹಾಳ್ಯಾಗ ಬರಕೊಂಡಿದ್ದ: ಮೈ, ಲೆನ್ಸು, ಬ್ಯಾಟರಿ, ಮುಂದಿನ ಕಪ್ಪು ಪೆಟ್ಟಿಗಿ.
ಕೂಡಿಸಿದರ ಹನ್ನೊಂದೂವರಿ ಕಿಲೊ.
ನಾನು ಗಂಜಿನ ಅಡತಿಯಿಂದ
ಅಷ್ಟೇ ತೂಕದ ತೊಗರಿಬ್ಯಾಳಿ ತಂದೆ,
ತಗಡಿನ ಡಬ್ಬಿಗಿ ಸುರುವಿ
ಅವನ ಅಲ್ಯುಮಿನಿಯಂ ತೊಟ್ಟಿಲದಾಗ ಕಟ್ಟಿದೆ.

ಸಮ ಆಗಲೊಲ್ಲದು.
ಮುಂದ ಬಗ್ಗಿಸಿದರ ಬ್ಯಾಳಿ ಸರ್ ಅಂತ ಮುಂದ,
ಹಿಂದಕ ತಂದರ ಅದೂ ಹಿಂದಕ.
ಹೂಂ ಹೂಂ ಅಂತ ತಲಿ ಹಾಕಿ
ಬೆನ್ನ ಹಿಂದ ತಮ್ಮದೇ ನಡಸೋ ಮಂದಿ ಇರತಾರಲ್ಲ, ಹಂಗ.

ಅಂಗಳದಾಗ ಒಡದು ಬಿದ್ದಿದ್ದ ಶಹಾಬಾದ ಪರಸಿ
ತೂಗಿ, ಚೂರು ಕೂಡಿಸಿ, ಸೆಣಬಿನ ಹಗ್ಗದಾಗ ಬಿಗದೆ.
ಹಿಂದಕ ಒಂದು ಕಾಳಷ್ಟು. ಮತ್ತ ಅರ್ಧ ಕಾಳು.
ಕೈ ಬಿಟ್ಟೆ.
ಬಿಟ್ಟಲ್ಲೇ ನಿಂತಿತು, ಒಂದೂ ಮೋಟಾರಿಲ್ಲದ.

ತುಳಜಾರಾಮ ನಕ್ಕ: ‘ಮತ್ತ ಮೋಟಾರು ಯಾತಕ?’
ಉಸ್ತಾದ ಬ್ಯಾಳಿ ಡಬ್ಬಿ ಒಮ್ಮಿ ಅಲುಗಾಡಿಸಿದರು, ಅಷ್ಟೇ.
ಆಮ್ಯಾಲ: ‘ನಿನ್ನ ಲೆನ್ಸು ಕಲ್ಲಲ್ಲ ಬೇಟಾ.
ಫೋಕಸ್ ಎಳದಾಗ ಅದರ ಮೂತಿ ಮುಂದ ಬರತದ.
ಆ ಇಷ್ಟಕ್ಕ ಬೇಕು ಮೋಟಾರು.’

ಆ ಇಷ್ಟು ಅಂದರ ಎಷ್ಟು?
ಪಾಟಿ ಮ್ಯಾಲ ನಾನು ಲೆಕ್ಕ ಹಾಕಿದೆ.
ಅರ್ಧ ಸೆಂಟಿಮೀಟರು ಸರದರ ಇಷ್ಟು ತಿರುಚು,
ಓಡೋ ಮನಷ್ಯಾ ಎಡವಿದರ ಅದರ ದುಪ್ಪಟ್ಟು,
ಗಾಳಿಗಿ ಜರಾ.
ಇನ್ನ ಬಿಸಲಿಗಿ.
ನಿಂತ ಮೋಟಾರು ಓಡೋದಕಿಂತ ಬ್ಯಾಗ ಕಾಯತದ,
ತನಗ ತಾನು ಗಾಳಿ ಹಾಕ್ಕೊಳ್ಳಂಗಿಲ್ಲ.
ಎಸಿ ಖೋಲ್ಯಾಗ ಅಳದ ಅಂಕಿ
ಏಪ್ರಿಲ್ ತಿಂಗಳ ಕಲಬುರಗಿ ಕಿಲ್ಲಾದಾಗ ನಡ್ಯಂಗಿಲ್ಲ,
ಅಲ್ಲಿ ನೆರಳೇ ನಲವತ್ಮೂರು.
ಭಾಳ ಕಾದ ಚುಂಬಕ ತನ್ನ ಕೆಲಸ ಮರೀತದ.

ಕಡೀಕ ಬಂದಿದ್ದು ಚಪ್ಪಟಿ ಮೋಟಾರು,
ಬಿಸಿ ರೊಟ್ಟಿಯಷ್ಟು ಅಗಲ,
ನಡುವ ತಂತಿ ಹಾಯಾಕ ತೂತು.
ತಲಿ ಎತ್ತಿ ಇಳಸಾಕ ಒಂದು, ಮಗ್ಗುಲಾಗಾಕ ಒಂದು,
ಕೊಳ್ಳು ಹೊರಳಸಾಕ ಎಲ್ಲಕ್ಕೂ ದೊಡ್ಡದು.
ದೊಡ್ಡದರಾಗ ಒಂದು ಹಲ್ಲಿನ ಸುತ್ತು ಸುಟ್ಟಿತ್ತು.
ಬಿಚ್ಚಿ ನಾನೇ ಸುತ್ತಿದೆ, ಕೂದಲಿನಂಥ ತಾಮ್ರ, ಹಲ್ಲಿಗಿ ತೊಂಬತ್ತು.
ಅರವತ್ತೆರಡಕ್ಕ ಯಾರದೋ ಫೋನು.
ಅರವತ್ತೆರಡೋ ಅರವತ್ಮೂರೋ?
ಎಲ್ಲಾ ಬಿಚ್ಚಿದೆ.

ಪಂಪು ಜೀವಾ ಹಿಡದರ ಇಡೀ ಓಣಿಗಿ ಗೊತ್ತಾಗತದ.
ಇದಕ್ಕ ಸಪ್ಪಳೇ ಇಲ್ಲ.
ತುಳಜಾರಾಮ ಹಿಡಿ ಹಿಡದು ಹೊಸ್ತಿಲ ದಾಟಿದ, ಕಟ್ಟಿ ಇಳದ,
ಕಪನೂರ ರಸ್ತೆದ ತೆಗ್ಗು ಒಂದೂ ಬಿಡಲಿಲ್ಲ.
ಪರಸಿ ಮ್ಯಾಲ ಯಾವನೋ ಹುಡುಗ ಚಾದ ಬಶಿ ಇಟ್ಟಿದ್ದ,
ಬಶಿ ತೂಕ ಲೆಕ್ಕದಾಗ ಇರಲಿಲ್ಲ.
ಚಾ ಅಲುಗಿತು, ಚೆಲ್ಲಲಿಲ್ಲ.
ಉಸ್ತಾದ ಬಯ್ಯೋದು ಬಿಡಲಿಲ್ಲ.

ಬಿಲ್ ಬುಕ್ಕಿನಾಗ ಖಾನಿ ಮೊದಲೇ ಅಚ್ಚಾಗ್ಯಾವ:
ಎಚ್‌ಪಿ, ವೋಲ್ಟು, ಆರ್‌ಪಿಎಂ.
‘ಸೊನ್ನಿ ಬರಿ,’ ಅಂದರು.
‘ಸೊನ್ನಿ ಬರದರ ಕೆಟ್ಟದ ಅಂತ ತಿಳೀತಾರಲ್ರೀ.’
ಖಾಲಿ ಬಿಟ್ಟು ಸಹಿ ಹಾಕಿದೆ.

ಬ್ಯಾಳಿ ಮನಿಗಿ ಒಯ್ದೆ.
ರಾತ್ರಿ ಮರದಾಗ ಹಾಕ್ಕೊಂಡು ಆರಿಸಾಕ ಕುಂತರ
ಎರಡು ಹಳ್ಳು, ಒಂದು ಹುಳಾ,
ಮತ್ತ ತಾಮ್ರದ ಎಳಿ, ಉಗುರಿನಷ್ಟು ಉದ್ದ.
ಹನ್ನೊಂದೂವರಿ ಕಿಲೊದಾಗ
ಇದರದು ಎಷ್ಟಿತ್ತೋ,
ಬೆರಳಿನ ಮ್ಯಾಲ ಇಟಕೊಂಡು
ಸ್ವಲ್ಪ ಹೊತ್ತು ನೋಡಿದೆ.