ತಿದ್ದುಪಡಿ

ಅಕ್ಟೋಬರ್ ಎರಡನೆಯ ಗುರುವಾರ
ನಮ್ಮ ನಾಲ್ಕು ಪುಟದ ಕ್ಯಾಂಪಸ್ ಪತ್ರಿಕೆಯಲ್ಲಿ ಇದ್ದದ್ದು ಇಷ್ಟು:
ಗ್ರಂಥಾಲಯದ ಮೂರನೇ ಮಹಡಿಗೆ ಬಾವಲಿ ಹೊಕ್ಕಿದೆ,
ಹಿಡಿಯುವವರು ಬರುವ ತನಕ
ಇತಿಹಾಸದ ಪುಸ್ತಕಗಳನ್ನು ಕೆಳಗೇ ಕೇಳಿ ಪಡೆಯುವುದು.
ಎಡಗೈಯ ಕೆಂಪು ಗವುಸೊಂದು ಸಿಕ್ಕಿದೆ,
ಬಲಗೈಯದನ್ನು ತೋರಿಸಿ ಒಯ್ಯಬಹುದು.
ಹಾಕಿ ತಂಡ ಮತ್ತೆ ಸೋತಿದೆ, ಈ ಸಲ ಒಂದೇ ಗೋಲಿನಿಂದ.
ಕೊನೆಯ ಪುಟದ ಕೆಳಮೂಲೆಯಲ್ಲಿ,
ಕುಂಬಳಕಾಯಿ ಕೆತ್ತುವ ಸ್ಪರ್ಧೆಯ ಪಕ್ಕ,
ಎಚ್. ಟ್ರೆಗಿಯರ್ ತೀರಿಕೊಂಡರು.

ಟೈಪು ಮಾಡಿದವಳು ನಾನೇ.
ಫೋನಿನಲ್ಲಿ ಯಾರೋ ಹೆಸರಷ್ಟೇ ಹೇಳಿದ್ದರು,
ಉಳಿದದ್ದನ್ನು ಹಳೆಯ ಫೈಲಿನಿಂದ ತುಂಬಿದೆ:
ಭೂಗರ್ಭಶಾಸ್ತ್ರ, ಮೂವತ್ತಾರು ವರ್ಷ,
ತಾಮ್ರದ ಅದಿರಿನ ಮೇಲೆ ಎರಡು ಗ್ರಂಥ.

ಶುಕ್ರವಾರ ಬೆಳಿಗ್ಗೆ ಮೇಜಿನ ಮುಂದೆ ನಿಂತಿದ್ದರು,
ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು.
‘ಓದಿದೆ. ಚೆನ್ನಾಗಿ ಬರೆದಿದ್ದೀಯ.
ಒಂದೇ ಅನುಮಾನ,
ನನ್ನ ಪಾರ್ಕಿಂಗ್ ಪರವಾನಗಿ ಈ ಚಳಿಗಾಲಕ್ಕೂ ನಡೆಯುತ್ತದೆಯೋ?’
ನಾನು ಭೂಮಿಗಿಳಿದು ಹೋದೆ.
ಆ ದಾರಿ ಅವರಿಗೆ ಚೆನ್ನಾಗಿ ಗೊತ್ತು, ನಕ್ಕು ಮೇಲೆತ್ತಿದರು.

ಮುಂದಿನ ಗುರುವಾರ ಚೌಕಟ್ಟು ಹಾಕಿ ಅಚ್ಚಿಸಿದೆವು:
ಪ್ರೊಫೆಸರ್ ಹಾರ್ಲನ್ ಟ್ರೆಗಿಯರ್ ಬದುಕಿದ್ದಾರೆ,
ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ.
ಇಡೀ ಕ್ಯಾಂಪಸ್ ನಕ್ಕಿತು.
ಕ್ಯಾಂಟೀನಿನವರು ಅವರಿಗೆ ಪುಕ್ಕಟೆ ಸೇಬಿನ ಪೈ ಕೊಟ್ಟರು.
ಮೂರನೆಯ ದಿನದ ಹೊತ್ತಿಗೆ ನಾನೂ ನಕ್ಕೆ.

ಮಂಗಳವಾರ ಒಬ್ಬ ಹೆಂಗಸು ಬಂದಳು.
ಕುರ್ಚಿ ತೋರಿಸಿದರೂ ಕೂರಲಿಲ್ಲ.
‘ಬದುಕಿದ್ದಾರೆ ಅಂತ ಬರೆದಿದ್ದೀರಿ, ಸಂತೋಷ.
ಹಾಗಾದರೆ ಸತ್ತದ್ದು ಯಾರು?’

ಹಾಲಿಸ್ ಟ್ರೆಗಿಯರ್. ಬಾಯ್ಲರ್ ಮನೆ, ರಾತ್ರಿ ಪಾಳಿ, ಮೂವತ್ತೊಂದು ವರ್ಷ.
ಪ್ರತಿ ಸೆಪ್ಟೆಂಬರಿನ ಮೊದಲ ಚಳಿಗೆ
ಮೂರು ಸಾವಿರ ಮಕ್ಕಳ ಕೋಣೆಗಳಿಗೆ ಹಬೆ ಬಿಡುತ್ತಿದ್ದವನು.
ನಮ್ಮ ಪತ್ರಿಕೆಯಲ್ಲಿ ಅವನು ಬಂದದ್ದು ಒಂದೇ ಸಲ,
ಕೊಳವೆ ಒಡೆದ ವರ್ಷ, ಅದೂ ಹೆಸರಿಲ್ಲದೆ:
ಅಡಚಣೆಗೆ ವಿಷಾದಿಸುತ್ತೇವೆ.

ಫಾರಂ ತೆಗೆದೆ. ಪದವಿ, ವಿಭಾಗ, ಪ್ರಕಟಣೆಗಳು.
ಮಗಳು ಮಾರ್ನಿ ಅದನ್ನು ತಿರುಗಿಸಿ ನೋಡಿ,
ಮತ್ತೆ ತಿರುಗಿಸಿ,
‘ಖಾಲಿ ಬಿಡಿ’ ಅಂದಳು.

ಪ್ರೊಫೆಸರಿಗೆ ಹೇಳಿದೆ. ಈ ಸಲ ನಗಲಿಲ್ಲ.
ಕೋಲೂರಿಕೊಂಡು ಬಾಯ್ಲರ್ ಮನೆಯ ಮೆಟ್ಟಿಲಿಳಿದರಂತೆ,
ಅಂಗಿಯ ತೋಳಿಗೆ ಗ್ರೀಸು ಮೆತ್ತಿಸಿಕೊಂಡು ಬಂದು
ಹಳೆಯ ನಕ್ಷೆಯೊಂದರ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದರು:

‘ನಾವು ಸಂಬಂಧಿಕರಲ್ಲ.
ಅವನ ಅಜ್ಜ, ನನ್ನ ಅಜ್ಜ ಒಂದೇ ಗಣಿಗೆ
ಬೇರೆ ಬೇರೆ ಪಾಳಿಯಲ್ಲಿ ಇಳಿದವರು.
ಅವನ ಟಪಾಲು ನನಗೂ ನನ್ನದು ಅವನಿಗೂ
ವರ್ಷಕ್ಕೆ ನಾಲ್ಕು ಸಲ ತಪ್ಪಿ ಬರುತ್ತಿತ್ತು.
ನನ್ನದನ್ನು ಅವನು ತಾನೇ ಬಂದು ಕೊಡುತ್ತಿದ್ದ.
ಅವನದನ್ನು ನಾನು ವಾಪಸು ಡಬ್ಬಕ್ಕೆ ಹಾಕುತ್ತಿದ್ದೆ.
ಬಂದಾಗಲೆಲ್ಲ ನನ್ನ ರೇಡಿಯೇಟರಿನ ಮೇಲೆ ಅಂಗೈ ಇಟ್ಟು ನೋಡಿ ಹೋಗುತ್ತಿದ್ದ.
ಒಂದು ದಿನವೂ ಕೂರು ಅನ್ನಲಿಲ್ಲ ನಾನು.’

ಒಂದಕ್ಷರ ತಿದ್ದದೆ ಮೊದಲ ಪುಟಕ್ಕೆ ಹಾಕಿದೆ.
ಬಾವಲಿ ಎರಡನೆಯದಕ್ಕೆ ಹೋಯಿತು,
ಅಷ್ಟರಲ್ಲಿ ಅದು ತಾನಾಗಿಯೇ ಕಿಟಕಿ ಹುಡುಕಿಕೊಂಡಿತ್ತು.

ಈಗ ನವೆಂಬರ್. ಪರೀಕ್ಷೆಯ ವೇಳಾಪಟ್ಟಿ ಬಂದಿದೆ,
ಕೆರೆಯ ಅಂಚು ಹೆಪ್ಪುಗಟ್ಟಿದೆ,
ಗವುಸು ಇನ್ನೂ ನನ್ನ ಡ್ರಾಯರಿನಲ್ಲೇ ಇದೆ.
ಬುಧವಾರಗಳಂದು ಪ್ರೊಫೆಸರ್ ಕರಡು ತಿದ್ದಲು ಬರುತ್ತಾರೆ,
ಇನಿಷಿಯಲ್ ಕಂಡಲ್ಲೆಲ್ಲ ಬೆರಳಿಟ್ಟು ನಿಲ್ಲುತ್ತಾರೆ.

ಸಂಜೆ ಐದಕ್ಕೆ ಗೋಡೆಯ ಕೊಳವೆಗಳು
ಟಕಟಕ ಬಡಿದುಕೊಳ್ಳುತ್ತವೆ, ಮೊದಲು ಹೀಗಿರಲಿಲ್ಲ.
ಹೊಸ ಹುಡುಗ ಇನ್ನೂ ಕಲಿಯುತ್ತಿದ್ದಾನಂತೆ.
ಮೊನ್ನೆ ಕೆಳಗಿಳಿದು ಹೋಗಿ
ಅವನ ಹೆಸರನ್ನು ಅಕ್ಷರ ಬಿಡಿಸಿ ಹೇಳಿಸಿಕೊಂಡು ಬಂದೆ,
ಸುದ್ದಿಯೇನೂ ಇರಲಿಲ್ಲ.