ಪ್ಯಾಚು

ಹೊಕ್ಕುಳ ಪಕ್ಕ ಎರಡು ಹೊಲಿಗೆ,
ಒಳಗೆ ಹುರುಳಿಕಾಳಿನಷ್ಟು ಗುಳಿಗೆ.
"ನಂಗೇ ಪ್ಯಾಚ್ ಹಾಕವ್ರೆ ಕಣೆ" ಅಂತ ನಕ್ಕ ಕಲ್ಲೇಶ,
ಹಾಸನದಿಂದ ವಾಪಸ್ ಬರೋ ಬಸ್ಸಲ್ಲಿ.

ಅರಸೀಕೆರೆ, ತಿಪಟೂರು ರಸ್ತೆ, ಅವನ ಪಂಚರ್ ಅಂಗಡಿ.
ಎದುರಿಗೇ ವೈನ್ಸು.
ಸಂಜೆ ಆರೂವರೆಗೆ ಅಲ್ಲಿ ಲೈಟು ಹತ್ತುತ್ತೆ,
ಇಲ್ಲಿ ಇವನ ಕೈ ಅಂಗಿಯೊಳಗೆ ಹೋಗುತ್ತೆ
ಗಂಟು ಇದೆಯಾ ಅಂತ.

ನಾನೂ ಮುಟ್ಟಿದೀನಿ, ಅವನು ಮಲಗಿದಾಗ.
ಹನ್ನೊಂದು ವರ್ಷ ನನ್ನ ಬೈಗುಳ ತೂರದ ಚರ್ಮದೊಳಗೆ
ಇಷ್ಟು ಸಲೀಸಾಗಿ ಹೋಗಿ ಕೂತಿದೆಯಲ್ಲ,
ಹೊಟ್ಟೆಕಿಚ್ಚೂ ಆಯ್ತು.

"ಕರಗಿಹೋಗುತ್ತಮ್ಮ, ಕೆಲವು ತಿಂಗಳಷ್ಟೇ" ಅಂದಿದ್ದರು ಡಾಕ್ಟರು.
ಆಮೇಲೆ?

ಕೇಳಿದರೆ ಮಾತಾಡಲಿಲ್ಲ.
ಲಾರಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದುಮಿ
ಗುಳ್ಳೆ ಏಳುತ್ತಾ ಅಂತ
ಸುತ್ತ ತಿರುಗಿಸಿ ನೋಡುತ್ತಿದ್ದ.

ನಾನೂ ಬಗ್ಗಿದೆ.