ಕೀಲು

ಸಿಂಪಿಗೆ ಬಲ ಹಾಕಬಾರದು.
ಹೊಸ ಹುಡುಗಿಯರಿಗೆ ಮೊದಲ ದಿನವೇ ಹೇಳುತ್ತಿದ್ದೆ:
ಹಿಂಬದಿಯಲ್ಲೊಂದು ಕೀಲಿದೆ, ಹುಡುಕು,
ಚಾಕುವಿನ ಮೊನೆ ಇಟ್ಟು ಮಣಿಕಟ್ಟು ತಿರುಗಿಸು,
ತಾನಾಗಿ ಬಾಯಿಬಿಡುತ್ತದೆ.
ಹೂಮಾದ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ,
ಚೀಲಕ್ಕಿಷ್ಟು ಎಂದು ಕೂಲಿ.
ಮುತ್ತು ಸಿಕ್ಕಿತೇ ಎಂದು ಕೇಳದವರಿಲ್ಲ.
ಇಲ್ಲ. ಒಮ್ಮೆ ಚೀಲದ ತಳದಲ್ಲಿ
ಯಾರದೋ ಅಂಗಿಯ ಗುಂಡಿ, ಅಷ್ಟೇ.

ದೀಪ ಕೆಂಪಗಿತ್ತು, ನಾನು ನಿಂತಿದ್ದೆ,
ಲಾರಿ ನಿಲ್ಲಲಿಲ್ಲ.
ಕಥೆ ಇಷ್ಟೇ. ಉಳಿದದ್ದೆಲ್ಲ ಕಾಗದ.

ಮೂರನೇ ದಿನ ವಿಮೆಯವಳ ಫೋನು,
ಎಷ್ಟೋ ಕಾಲದ ನೆರೆಯವಳ ದನಿ.
‘ಹೇಗಿದ್ದೀರಿ, ಮಿಸ್ ವರ್ಲೀನ್?’
ಈ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರ,
ಶವಪೆಟ್ಟಿಗೆಯ ಪಕ್ಕ ನಿಂತವರೂ ಅದನ್ನೇ ಹೇಳುತ್ತಾರೆ:
ಚೆನ್ನಾಗಿದ್ದೀನಿ, ನೀವು?
ಆಚೆ ಟಕ್ಕೆಂದು ಏನೋ ಒತ್ತಿದ ಸದ್ದು.
ಆ ಒಂದು ಮಾತಿಗೆ ತಾರೀಖು ಹಾಕಿ
ಕಡತದಲ್ಲಿಟ್ಟಿದ್ದಾರೆಂದು ಆಮೇಲೆ ತಿಳಿಯಿತು.
ನನ್ನ ಕೀಲು ಅವಳಿಗೆ ಸಿಕ್ಕಿತ್ತು.

ಹೆದ್ದಾರಿಯುದ್ದಕ್ಕೂ ವಕೀಲರು.
ಒಬ್ಬ ಗುದ್ದಾಟದ ಕೈಗವಸು ತೊಟ್ಟಿದ್ದಾನೆ,
ಒಬ್ಬನ ಹೆಗಲ ಹಿಂದೆ ಮೊಸಳೆ,
ಒಬ್ಬನ ಫೋನ್ ನಂಬರಿನಲ್ಲಿ ಬರೀ ಏಳುಗಳು.
ಇಷ್ಟು ದೊಡ್ಡ ಮುಖವನ್ನು ಸಂತರಿಗೂ ಬರೆದದ್ದು ಕಾಣೆ.
ಕಬ್ಬಿನ ಗದ್ದೆಯ ಮೇಲೆ ನಿಂತು ನಗುತ್ತಾರೆ,
ಯಾರಿಗಾದರೂ ಪೆಟ್ಟಾಗುವವರೆಗೆ ಪುರುಸೊತ್ತಿರುವವರ ಹಾಗೆ.

ನಾದಿನಿ ಓಡೀಲ್: ಏಳುಗಳವನನ್ನೇ ಹಿಡಿ.
ತಮ್ಮ ರೆಮಿ: ಕೊಟ್ಟಷ್ಟು ತಗೊಂಡು ಸುಮ್ಮನಿರು.
ಪಾದ್ರಿ: ಚಾಲಕನನ್ನು ಕ್ಷಮಿಸು.
ಅವನನ್ನು ಯಾವತ್ತೋ ಕ್ಷಮಿಸಿದ್ದೆ, ಹತ್ತೊಂಬತ್ತರ ಹುಡುಗ,
ಡಿಕ್ಕಿಯಾದ ಮೇಲೆ ರಸ್ತೆಯಲ್ಲಿ ಕೂತು ವಾಂತಿ ಮಾಡಿದ.
ಕ್ಷಮೆ ಎಕ್ಸ್‌ರೇ ಬಿಲ್ಲು ಕಟ್ಟುವುದಿಲ್ಲ.

ಏಳುಗಳವನ ಆಫೀಸಿನಲ್ಲಿ ಏಳುಗಳವನಿರಲಿಲ್ಲ.
ಥಂಡಿ ಕೋಣೆ, ಬುಟ್ಟಿಯಲ್ಲಿ ಪುದೀನ ಮಿಠಾಯಿ,
ಟ್ಯಾಬ್ಲೆಟ್ಟು ಹಿಡಿದ ಒಬ್ಬ ಪೋರ.
‘ನೋವು, ಒಂದರಿಂದ ಹತ್ತರೊಳಗೆ ಎಷ್ಟು?’
ಯಾವ ಹೊತ್ತಿನದು, ಎಂದೆ.
ಅದನ್ನು ತುಂಬಲು ಜಾಗವಿರಲಿಲ್ಲ.
ಎದ್ದು ಬಂದೆ. ಮಿಠಾಯಿ ಎರಡು ತಗೊಂಡೆ.

ಗಾಳದ ಸಾಮಾನಿನ ಅಂಗಡಿ, ಅದರ ಮೇಲೆ
ಯುಲಾಲಿ ಬ್ರೂಸಾರ್ಡ್, ವಕೀಲೆ.
ಬಾಗಿಲಿಗೆ ಅಡ್ಡ ಮಲಗಿದ ನಾಯಿ.
‘ಗೆದ್ದರೆ ಮೂರರಲ್ಲೊಂದು ಪಾಲು ನನ್ನದು,
ಸೋತರೆ ಬೇಡ. ಡಾಕ್ಟರ ಕಾಗದಗಳ ಖರ್ಚು ಬೇರೆ,
ಈ ಸಾಲು ಮೊದಲು ಓದಿ, ಎಲ್ಲರೂ ಕೊನೆಗೆ ಓದ್ತಾರೆ.’
ಕೋರ್ಟಿನಲ್ಲಿ ಎಷ್ಟು ಕೇಸು ನಡೆಸಿದ್ದೀರಿ?
‘ಹನ್ನೊಂದು. ನಾಲ್ಕು ಸೋತೆ.’
ಸೋಲನ್ನು ಎಣಿಸಿಟ್ಟುಕೊಂಡವಳು.
ನಾಯಿಯನ್ನು ದಾಟಿ ಹೋಗಿ ಕೂತೆ.

ಅವಳು ನೋವಿನ ಸುದ್ದಿ ಎತ್ತಲಿಲ್ಲ.
ಬೆಳಿಗ್ಗೆ ಎದ್ದು ಮೊದಲೇನು ಮಾಡ್ತೀರಿ, ಎಂದಳು.
ಕಾಫಿ, ಎಂದೆ.
‘ಡಬ್ಬಿ ಮುಚ್ಚಳ ಯಾರು ತೆಗೀತಾರೆ?’

ಸ್ವಲ್ಪ ಹೊತ್ತು ಕಿಟಕಿ ನೋಡಿದೆ.
ಪಕ್ಕದ ಮನೆಯ ದಿಯೆಪ್, ಸಿಗಡಿ ದೋಣಿಗೆ ಹೊರಡುವ ಮುಂಚೆ
ಬಂದು ಸಡಿಲ ಮಾಡಿಟ್ಟು ಹೋಗುತ್ತಾನೆ.
ಗುಂಡಿಯ ಅಂಗಿಗಳನ್ನೆಲ್ಲ ಚರ್ಚಿಗೆ ಕೊಟ್ಟೆ.
ಜಪಸರ ಎಡಗೈಯಲ್ಲಿ ಲೆಕ್ಕ ತಪ್ಪುತ್ತದೆ,
ಮೇರಿ ಮಾತೆಗೆ ದಿನಾ ಒಂದೆರಡು ಹೆಚ್ಚೇ ಹೋಗುತ್ತವೆ.
ಶೆಡ್ಡಿನಲ್ಲಿ ನನ್ನ ಚಾಕು ಈಗ ಯಾರ ಕೈಲಿದೆಯೋ,
ಕೇಳುವ ಧೈರ್ಯವಿಲ್ಲ.
ಹೇಳುತ್ತ ಹೋದೆ. ಕೋಣೆಯಲ್ಲಿ ಯಾರೋ ಅಳುತ್ತಿದ್ದರು,
ನಾಯಿ ಎದ್ದು ಬಂದು ನನ್ನ ಮುಖ ನೋಡಿದಾಗ
ಯಾರೆಂದು ಗೊತ್ತಾಯಿತು.
ಅವಳು ಬರೆದುಕೊಂಡಳು, ಪೆನ್ಸಿಲಿನಲ್ಲಿ, ಬಲ ಹಾಕದೆ.

ಎಡಗೈಯಲ್ಲಿ ಸಹಿ ಮಾಡಿದೆ,
ಒಂದನೇ ಕ್ಲಾಸಿನ ಅಕ್ಷರ,
ಗೆರೆ ಬಿಟ್ಟು ಮೇಲಕ್ಕೆ ಹತ್ತಿತು.

ಕೆಳಗೆ ಅಂಗಡಿಯವ ಡಬ್ಬಿಗೆ ಎರೆಹುಳು ಎಣಿಸಿ ಹಾಕುತ್ತಿದ್ದ.
ತಲೆಯೆತ್ತದೆ ಕೇಳಿದ, ‘ಹೇಗಿದ್ದೀರಿ?’
ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ.
ಕೈ ನೋಯ್ತಿದೆ, ಎಂದೆ.
ಅವನ ಲೆಕ್ಕ ತಪ್ಪಿತು.
ಮತ್ತೆ ಒಂದರಿಂದ ಶುರುಮಾಡಿದ.